ಕೊಡವಿಟ್ಟು ಹೋದವಳ ಪದ

ತಿಪಟೂರಿನ ಕಾಲೇಜೊಂದರಲ್ಲಿ ನಾನು ಕನ್ನಡ ಎಂ.ಎ. ಮಕ್ಕಳಿಗೆ ಪಾಠ ಮಾಡುತ್ತೇನೆ. ಸಣ್ಣಕತೆಯ ಪತ್ರಿಕೆ ಬಹಳ ವರ್ಷಗಳಿಂದ ನನ್ನ ಪಾಲಿನದು. ಅದರಲ್ಲಿ ಒಂದು ಕತೆಯಿದೆ. ಹುಡುಗಿಯೊಬ್ಬಳು ಸಂಜೆ ನೀರಿಗೆಂದು ಬಾವಿಗೆ ಹೋಗುತ್ತಾಳೆ, ಮನೆಗೆ ಮರಳುವುದಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ದಡದಲ್ಲಿ ಅವಳ ಕೊಡ ಮಾತ್ರ ಇರುತ್ತದೆ. ಕತೆ ಅಲ್ಲಿಗೇ ನಿಲ್ಲುತ್ತದೆ. ಬಿದ್ದಳೋ, ಯಾರಾದರೂ ತಳ್ಳಿದರೋ, ಸುಮ್ಮನೆ ಎದ್ದು ಹೋದಳೋ, ಬರೆದವರು ಬಾಯಿ ಬಿಡುವುದಿಲ್ಲ. ನಾನು ಮಾತ್ರ ಪ್ರತಿ ವರ್ಷವೂ ಅವಳು ಬಾವಿಗೆ ಬಿದ್ದು ಸತ್ತಳೆಂದೇ ಪಾಠ ಮಾಡುತ್ತಿದ್ದೆ. ಬೇರೆ ರೀತಿ ಓದಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಅದಕ್ಕೆ ಕಾರಣ ನನ್ನ ಮನೆಯಲ್ಲೇ ಇತ್ತು. ನಮ್ಮೂರು ದಬ್ಬೇಘಟ್ಟದ ಹತ್ತಿರ. ಮನೆಯ ಹಿಂದೆ ತೆಂಗಿನ ತೋಟ, ತೋಟದ ಮೂಲೆಯಲ್ಲಿ ಮಣ್ಣು ತುಂಬಿ ಮುಚ್ಚಿದ ಒಂದು ಮೆಟ್ಟಿಲು ಬಾವಿ. ನನ್ನ ಅಪ್ಪನ ಅಕ್ಕ ಆ ಬಾವಿಗೆ ಬಿದ್ದು ಹೋದಳೆಂದು ನಮಗೆಲ್ಲ ಹೇಳಿದ್ದರು. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ, ಅಪ್ಪ ಚಡ್ಡಿ ಹಾಕಿಕೊಂಡು ಓಡಾಡುವ ಹುಡುಗ. ಪ್ರತಿ ಪಿತೃಪಕ್ಷದಲ್ಲಿ ಅಜ್ಜ ಅಜ್ಜಿಯರ ಎಡೆಯ ಪಕ್ಕದಲ್ಲಿ ಅವಳಿಗೂ ಒಂದು ಎಡೆ ಇಡುತ್ತಿದ್ದರು. ಹಸಿರು ಸೀರೆ, ಒಂದು ಜೊತೆ ಬಳೆ, ಅವಳಿಗೆ ಇಷ್ಟವೆಂದು ಕಾಯಿ ಒಬ್ಬಟ್ಟು. ಪೂಜೆ ಮುಗಿದ ಮೇಲೆ ಆ ಸೀರೆಯನ್ನು ಮನೆಯ ಹೆಣ್ಣುಮಗಳು ಉಡಬೇಕು. ನನಗೆ ಮದುವೆಯಾಗುವವರೆಗೂ ಅದನ್ನು ಉಟ್ಟವಳು ನಾನೇ. ಹೀಗಾಗಿ ಆ ಕತೆಯನ್ನು ಮೊದಲ ಸಲ ಓದಿದಾಗ ಬಾವಿಯ ದಡ, ಕೊಡ, ಹುಡುಗಿ ಎಲ್ಲವೂ ನಮ್ಮ ತೋಟದಲ್ಲೇ ಕಂಡವು. ಕತೆಯವಳೂ ಸತ್ತಳು ಎಂದುಕೊಂಡೆ.

ಈಗ ಹೇಳುತ್ತಿರುವುದು ಇತ್ತೀಚಿನ ವಿದ್ಯಾರ್ಥಿಗಳ ಒಂದು ತಂಡದ ವಿಷಯ. ಆ ತಂಡದ ಮೇಲೆ ನನಗೆ ಒಳಗೊಳಗೇ ಸಿಟ್ಟು. ಒಬ್ಬರ ಕೈಯಲ್ಲೂ ಪುಸ್ತಕ ಇರುತ್ತಿರಲಿಲ್ಲ. ನೊಣವಿನಕೆರೆಯಿಂದ, ಅರಳಗುಪ್ಪೆಯಿಂದ, ಚಿಕ್ಕನಾಯಕನಹಳ್ಳಿ ಕಡೆಯಿಂದ ಬಸ್ಸು ಹತ್ತಿ ಬರುವ ಮಕ್ಕಳು. ಓದುವುದೆಲ್ಲ ಬಸ್ಸಿನಲ್ಲೇ, ಅದೂ ಫೋನಿನಲ್ಲಿ. ಯಾರೋ ಒಬ್ಬರು ಲೈಬ್ರರಿಯ ಪುಸ್ತಕದ ಪುಟಗಳ ಫೋಟೊ ತೆಗೆದು ಗುಂಪಿಗೆ ಹಾಕುತ್ತಾರೆ. ಉಳಿದವರು ಅದನ್ನು ಬೆರಳಲ್ಲಿ ಹಿಗ್ಗಿಸಿ, ಹತ್ತು ಸಾಲು ಓದಿ, ಮಧ್ಯೆ ಬಂದ ಮೆಸೇಜು ನೋಡಿ, ಹಾಡು ಕೇಳಿ, ಮತ್ತೆ ಬಂದು ನಡುವಿನ ಯಾವುದೋ ಪುಟದಿಂದ ಓದುತ್ತಾರೆ. ಇಂಥ ಓದಿನಿಂದ ಏನು ಉಳಿಯುತ್ತದೆ, ಒಂದು ಪುಸ್ತಕಕ್ಕೂ ಇನ್ನೊಂದಕ್ಕೂ ನಂಟು ಹೇಗೆ ಹುಟ್ಟುತ್ತದೆ ಎಂದು ನಾನು ಸಹೋದ್ಯೋಗಿಗಳ ಮುಂದೆ ಗೊಣಗುತ್ತಿದ್ದೆ.

ಪರೀಕ್ಷಿಸಿಯೇ ನೋಡೋಣವೆಂದು ಒಂದು ಸೆಮಿನಾರ್ ಇಟ್ಟೆ. ಬಾವಿಯ ಕತೆಯನ್ನು ಕೊಟ್ಟು, "ಇದನ್ನ ಓದುವಾಗ ನಿಮಗೆ ಬೇರೆ ಯಾವ ಓದು ನೆನಪಾಯ್ತು, ಯಾಕೆ ಅಂತ ಬಂದು ಹೇಳಿ. ಪಠ್ಯದಲ್ಲಿರೋದೇ ಆಗಬೇಕಿಲ್ಲ. ಸುಳ್ಳು ಹೇಳಬೇಡಿ, ಅಷ್ಟೇ" ಎಂದೆ. ಯಾರೂ ಬಾಯಿ ಬಿಡಲಾರರು, ಆಗ ನಾಲ್ಕು ಮಾತು ಹೇಳಬಹುದು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಮೊದಲು ಎದ್ದವನು ನೊಣವಿನಕೆರೆಯ ಹುಡುಗ. ಅವನಿಗೆ ನೆನಪಾದದ್ದು ದಿನಪತ್ರಿಕೆಯಲ್ಲಿ ಬರುವ 'ಕಾಣೆಯಾಗಿದ್ದಾರೆ' ಪ್ರಕಟಣೆ.

"ನಾನು ಟೀ ಅಂಗಡೀಲಿ ಪೇಪರ್ ತಗೊಂಡ್ರೆ ಮೊದ್ಲು ಅದನ್ನೇ ಓದೋದು ಮೇಡಂ" ಎಂದ. "ಅದ್ರಲ್ಲೂ ಹಿಂಗೇ. ಮನೆಯಿಂದ ಹೋದವರು ವಾಪಸ್ ಬಂದಿಲ್ಲ ಅಂತಾರೆ. ಏನ್ ಬಟ್ಟೆ ಹಾಕಿದ್ರು, ಎಲ್ಲಿ ಮಚ್ಚೆ ಇತ್ತು ಅಂತ ಬರೀತಾರೆ. ಸತ್ರು ಅಂತ ಮಾತ್ರ ಬರೆಯಲ್ಲ. ಈ ಕತೇಲೂ ಅವಳ ಸೀರೆ ಬಣ್ಣ ಐತೆ, ಸತ್ಳು ಅಂತ ಇಲ್ಲ."

ನಾನು ಸ್ವಲ್ಪ ಬೆಚ್ಚಿದೆ. ಅಷ್ಟು ಸಲ ಪಾಠ ಮಾಡಿದ್ದರೂ ಸೀರೆಯ ಬಣ್ಣ ಯಾಕಿದೆ ಎಂದು ನಾನು ಕೇಳಿಕೊಂಡಿರಲಿಲ್ಲ.

ಆಮೇಲೆ ಎದ್ದವಳು ತಿಪಟೂರಿನ ದರ್ಜಿಯೊಬ್ಬರ ಮಗಳು. ಅವಳ ತಾಯಿ ಉರ್ದು ಮಾಸಪತ್ರಿಕೆಯ ಧಾರಾವಾಹಿಯನ್ನು ಜೋರಾಗಿ ಓದುತ್ತಾರಂತೆ, ಇವಳು ಪಕ್ಕದಲ್ಲಿ ಕುಳಿತು ಬ್ಲೌಸಿಗೆ ಹುಕ್ ಹಾಕುತ್ತಾ ಕೇಳುತ್ತಾಳೆ.

"ಒಂದು ಕಂತು ಮುಗಿದ ಮೇಲೆ ಮುಂದಿಂದು ಬರೋಕೆ ಒಂದು ತಿಂಗಳು ಕಾಯಬೇಕಲ್ಲ ಮೇಡಂ. ಅಲ್ಲಿವರೆಗೆ ಅಮ್ಮಿನೇ ಕತೆ ಮುಂದುವರೆಸ್ತಾರೆ. ಅವರ ಕತೇಲಿ ಯಾರೂ ಸಾಯಲ್ಲ. ಅದಕ್ಕೆ ನನಗೆ ಈ ಹುಡುಗಿ ಸತ್ತಿದಾಳೆ ಅನಿಸಲೇ ಇಲ್ಲ."

"ಮತ್ತೆ ಎಲ್ಲಿಗೆ ಹೋದಳು?" ಎಂದೆ, ಸ್ವಲ್ಪ ಬಿರುಸಾಗಿಯೇ.

"ಮುಂದಿನ ಕಂತಲ್ಲಿ ಗೊತ್ತಾಗುತ್ತೆ" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮೂರನೆಯವಳು ಚಿಕ್ಕನಾಯಕನಹಳ್ಳಿ ಕಡೆಯ ಹುಡುಗಿ. ಹಿಂದಿನ ಬೆಂಚಿನವಳು, ಕಿವಿಯಲ್ಲಿ ಸದಾ ಇಯರ್‌ಫೋನ್ ಸಿಕ್ಕಿಸಿಕೊಂಡೇ ಬರುವವಳು. ಸಿನಿಮಾ ಹಾಡು ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ನಿಂತು, "ನನಗೆ ನೆನಪಾಗಿದ್ದು ಓದಿದ್ದಲ್ಲ ಮೇಡಂ, ಕೇಳಿದ್ದು. ನಡೆಯುತ್ತಾ?" ಎಂದಳು. ನಡೆಯುತ್ತದೆ ಎಂದೆ.

"ನಮ್ಮಜ್ಜಿ ರಾಗಿ ಬೀಸೋವಾಗ ಹಾಡ್ತಿದ್ದ ಪದ. ಈಗ ಬೀಸೋದಿಲ್ಲ, ಆದ್ರೂ ಹಾಡ್ತಾರೆ. ಫೋನಲ್ಲಿ ರೆಕಾರ್ಡ್ ಮಾಡಿಕೊಂಡಿದೀನಿ. ಬಸ್ಸಲ್ಲಿ ಓದೋವಾಗ ಅದು ಕಿವೀಲಿ ಓಡ್ತಾ ಇರುತ್ತೆ. ಈ ಕತೆ ಓದೋವಾಗ್ಲೂ ಓಡ್ತಿತ್ತು. ಕೊಡ ಬಂದ ಕಡೆ ಎರಡೂ ಒಂದೇ ಅನಿಸ್ತು."

ಹಾಡು ಎಂದರು ಮಕ್ಕಳು. ಅವಳು ನಾಚಿಕೊಂಡು, ಡೆಸ್ಕಿನ ಮೇಲೆ ಕಣ್ಣಿಟ್ಟು ಹಾಡಿದಳು.

ಬಾಗಿಲ ಗಿಣಿಯೆ ನೀ ಬಾಯ್ಬಿಟ್ಟು ಹೇಳಬ್ಯಾಡ
ಮೆಟ್ಟಿಲ ಬಾವೀಯ ದಡದಾಗೆ | ಕೊಡವಿಟ್ಟು
ಕತ್ತಲಿಗೆ ಮುಂಚೆ ನಡೆದೇನು

ತಮ್ಮ ಮುರಿದಾ ಕೊಕ್ಕು ನಾ ಮುರಿದೆನೆಂದೆನು
ಅಪ್ಪನ ಬಾರ್ಕೋಲು ಬೆನ್ನೀಗೆ | ಎಲೆ ಗಿಣಿಯೆ
ಕಂಡೋನು ನೀನು ಹೇಳಬ್ಯಾಡ

ನಮ್ಮ ಮನೆಯ ಮುಂಬಾಗಿಲ ಮೇಲೆ ಮರದಲ್ಲಿ ಕೆತ್ತಿದ ಎರಡು ಗಿಣಿಗಳಿವೆ. ಎಡಗಡೆಯ ಗಿಣಿಗೆ ಕೊಕ್ಕಿಲ್ಲ. ನಾನು ಹುಟ್ಟುವ ಮೊದಲೇ ಮುರಿದದ್ದು, ಯಾರು ಮುರಿದರೆಂದು ಯಾರೂ ಹೇಳಿರಲಿಲ್ಲ. ಕೊಕ್ಕಿಲ್ಲದ ಗಿಣಿ ಬೇರೆ ಮನೆಯಲ್ಲೂ ಇರಬಹುದು, ಮೆಟ್ಟಿಲು ಬಾವಿ ನಮ್ಮ ಸೀಮೆಯಲ್ಲಿ ಎಷ್ಟೋ ಇವೆ ಎಂದು ಆ ಕ್ಷಣದಲ್ಲೇ ನನಗೆ ನಾನು ಹೇಳಿಕೊಂಡೆ. ಆದರೆ ಎರಡೂ ಒಂದೇ ಮನೆಯಲ್ಲಿ?

"ಈ ಪದ ನಿಮ್ಮಜ್ಜಿಗೆ ಯಾರು ಕಲಿಸಿದ್ದು?" ಎಂದು ಕೇಳಿದೆ.

"ಯಾರೂ ಕಲಿಸಿಲ್ಲ ಮೇಡಂ. ಅಜ್ಜಿನೇ ಕಟ್ಟಿರೋದು."

"ಅಜ್ಜಿ ಇದ್ದಾರಾ?"

"ಇದಾರೆ ಮೇಡಂ, ಮನೇಲೇ. ಗಟ್ಟಿಯಾಗವ್ರೆ."

ಉಳಿದ ಸೆಮಿನಾರು ಹೇಗೆ ಮುಗಿಯಿತೆಂದು ನನಗೆ ನೆನಪಿಲ್ಲ. ತರಗತಿ ಬಿಟ್ಟ ಮೇಲೆ ಆ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು, ಅಜ್ಜಿಯ ತವರು ಯಾವುದೆಂದು ಕೇಳಿದೆ.

"ಹೇಳಲ್ಲ ಮೇಡಂ. ತುರುವೇಕೆರೆ ಸೀಮೆ ಅಂತಾರೆ, ಅಷ್ಟೇ. ನಮ್ಮಪ್ಪನೂ ಕೇಳಿ ಕೇಳಿ ಸುಮ್ಮನಾದ್ರು. ಯಾಕೆ ಮೇಡಂ?"

"ಪದ ಚೆನ್ನಾಗಿದೆ, ಅದಕ್ಕೆ" ಎಂದೆ. ರೆಕಾರ್ಡಿಂಗ್ ನನಗೆ ಕಳಿಸಲು ಹೇಳಿದೆ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅದನ್ನು ಕಿವಿಗೆ ಹಚ್ಚಿಕೊಂಡೆ. ಮುದುಕಿಯ ದನಿ ಒರಟಾಗಿತ್ತು, ನಡುನಡುವೆ ಕೋಳಿ ಕೂಗುತ್ತಿತ್ತು. 'ತಮ್ಮ' ಎನ್ನುವಲ್ಲಿ ಅವಳು ಎಳೆಯುವ ರೀತಿ ನಮ್ಮ ಅಪ್ಪ ಯಾರನ್ನಾದರೂ ದೂರದಿಂದ ಕೂಗುವಾಗ ಎಳೆಯುವ ರೀತಿಯೇ ಇತ್ತು. ಎರಡು ಬಸ್ಸು ಬಂದು ಹೋದರೂ ನಾನು ಹತ್ತಲಿಲ್ಲ.

ಭಾನುವಾರ ಊರಿಗೆ ಹೋದೆ. ಅಪ್ಪ ಜಗಲಿಯ ಮೇಲೆ ಕುಳಿತು ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದರು. ಅಮ್ಮ ಒಳಗೆ ಅಡಿಗೆಯಲ್ಲಿದ್ದರು, ತಮ್ಮನ ಸಂಸಾರ ಯಾವುದೋ ನಾಮಕರಣಕ್ಕೆ ಹೋಗಿತ್ತು. ಒಳಗೆ ಹೋಗುವ ಮುಂಚೆ ಬಾಗಿಲ ಮೇಲೆ ನೋಡಿದೆ. ದಿನವೂ ಅದರ ಕೆಳಗೇ ಓಡಾಡಿ ಬೆಳೆದವಳು, ಅವತ್ತು ಮೊದಲ ಸಲ ನೋಡುತ್ತಿರುವಂತೆ ನೋಡಿದೆ. ಏನೂ ಹೇಳದೆ ಅಪ್ಪನ ಪಕ್ಕ ಕುಳಿತು ಫೋನಿನಲ್ಲಿ ಪದ ಹಾಕಿದೆ.

ಮೊದಲ ಸಾಲಿಗೆ ಅಪ್ಪ ತಲೆ ಎತ್ತಲಿಲ್ಲ. ಕೊಕ್ಕು ಮುರಿದ ಸಾಲು ಬಂದಾಗ ಕೈಯಲ್ಲಿದ್ದ ಕೊಬ್ಬರಿ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಯಿತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಪದ ಮುಗಿದ ಮೇಲೆ ಕೇಳಿದರು.

"ಇನ್ನೂ ಅವ್ಳಾ?"

ಯಾರು ಹಾಡಿದ್ದು ಎಂದಲ್ಲ, ಎಲ್ಲಿ ಸಿಕ್ಕಿತು ಎಂದೂ ಅಲ್ಲ. ಇನ್ನೂ ಇದ್ದಾಳಾ ಎಂದು.

"ನಿಂಗೆ ಗೊತ್ತಿತ್ತಾ ಅಪ್ಪ?"

"ಗೊತ್ತಿತ್ತು ಕಣವ್ವ."

"ಬದುಕಿರೋದು ಗೊತ್ತಿತ್ತಾ?"

"ಆಗ ಗೊತ್ತಿತ್ತು. ಈಗಿರೋದು ಗೊತ್ತಿರ್ಲಿಲ್ಲ."

ಅವರು ನಿಧಾನವಾಗಿ, ಬಿಟ್ಟು ಬಿಟ್ಟು ಹೇಳಿದರು. ಅವರ ದೊಡ್ಡಕ್ಕ ಹೆರಿಗೆಯಲ್ಲಿ ತೀರಿಕೊಂಡಿದ್ದಳಂತೆ. ಆ ಭಾವನಿಗೇ ಎರಡನೆಯವಳನ್ನು ಕೊಡುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ಇವಳು ಒಲ್ಲೆ ಎಂದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ಮದುವೆಗೆ ಇನ್ನೇನು ಚಪ್ಪರ ಹಾಕಬೇಕು ಎನ್ನುವಾಗ ಒಂದು ಸಂಜೆ ಬಾವಿಯ ದಡದಲ್ಲಿ ಕೊಡ ಸಿಕ್ಕಿತು. ಪಾತಾಳಗರಡಿ ಬಿಟ್ಟು ಹುಡುಕಿದರು, ಈಜು ಬರುವವರನ್ನು ಇಳಿಸಿದರು. ಬಾವಿಯಲ್ಲಿ ಏನೂ ಸಿಗಲಿಲ್ಲ. ಮಾರನೇ ವರ್ಷ ಕಾಯಿ ವ್ಯಾಪಾರಿಯೊಬ್ಬ ಬಂದು, ನಿಮ್ಮ ಹುಡುಗಿಯನ್ನು ಚಿಕ್ಕನಾಯಕನಹಳ್ಳಿ ಕಡೆ ಸಂತೆಯಲ್ಲಿ ಕಂಡೆ, ಹಗ್ಗ ಹೊಸೆಯುವವನೊಬ್ಬನ ಜೊತೆ ಸಂಸಾರ ಮಾಡಿಕೊಂಡಿದ್ದಾಳೆ ಎಂದ.

"ಅಜ್ಜ ಏನಂದ್ರು?"

"ನೀನ್ ನೋಡಿರೋದು ನಮ್ ಹುಡ್ಗಿ ಅಲ್ಲ ಕಣಪ್ಪ, ನಮ್ ಹುಡ್ಗಿ ಬಾವಿಗೆ ಬಿದ್ದು ಸತ್ತೋಯ್ತು ಅಂದ್ರು. ಆ ಹಗ್ಗದೋನು ನಮ್ಮೋರಲ್ಲ, ಬೇರೆ ಜನ. ಅದೇ ವರ್ಷ ತಿಥಿ ಮಾಡಿದ್ರು, ಬಾವಿ ಮುಚ್ಚಿಸಿದ್ರು. ನಾನು ಕಂಬದ ಹಿಂದೆ ನಿಂತ್ಕೊಂಡು ಎಲ್ಲಾ ಕೇಳಿದ್ದೆ."

ಒಳಗಿನಿಂದ ಅಮ್ಮ ಬಂದು ಬಾಗಿಲಲ್ಲಿ ನಿಂತರು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿಂಗೂ ಗೊತ್ತಾ?"

"ಮದ್ವೆ ಆದ್ ವರ್ಷವೇ ನಿಮ್ಮಪ್ಪ ಹೇಳಿದ್ರು ಕಣೇ."

"ಗೊತ್ತಿದ್ದೂ ವರ್ಷಾ ವರ್ಷಾ ಎಡೆ ಇಟ್ಯಾ? ಆ ಸೀರೆ ನನಗೆ ಉಡಿಸಿದ್ಯಾ?"

"ನಿಮ್ಮಜ್ಜಿ ಇಡ್ತಿದ್ಲು, ನಾನೂ ಇಟ್ಟೆ. ನಾನ್ ಬಂದು ಬುಡಿ ಅಂದ್ರೆ ಬುಡ್ತಿದ್ರಾ? ಆಮೇಲೆ ಅಭ್ಯಾಸವಾಗೋಯ್ತು." ಅಮ್ಮ ಬಗ್ಗಿ ಆ ಕೊಬ್ಬರಿಯನ್ನು ಎತ್ತಿ ಬುಟ್ಟಿಗೆ ಹಾಕಿದರು. "ಊಟಕ್ಕೆ ಏಳಿ, ಸಾರು ಆರ್ತದೆ" ಎಂದರು.

ಅವತ್ತು ನಾನು ಉಣ್ಣಲಿಲ್ಲ. ಜೀವಂತ ಹೆಂಗಸಿನ ಎಡೆಯ ಪ್ರಸಾದವನ್ನು ಅಷ್ಟು ವರ್ಷ ತಿಂದಿದ್ದೇನೆ, ಅವಳ ಹೆಸರಿನ ಸೀರೆ ಉಟ್ಟು ಕಾಲೇಜಿಗೆ ಹೋಗಿದ್ದೇನೆ. ತರಗತಿಯಲ್ಲೂ ಅವಳನ್ನು ಬಾವಿಗೆ ತಳ್ಳುತ್ತಲೇ ಬಂದಿದ್ದೇನೆ. ಅವಳು ಇಲ್ಲಿಂದ ಎರಡು ಬಸ್ಸು ಬದಲಿಸಿದರೆ ಸಿಗುವ ಊರಿನಲ್ಲಿ ರಾಗಿ ಬೀಸುತ್ತಾ ಇದೇ ಬಾಗಿಲನ್ನು ಹಾಡಿಕೊಂಡಿದ್ದಳು.

ಮರುದಿನ ಆ ಹುಡುಗಿಯನ್ನು ಕಾಲೇಜಿನ ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು ಕೈಯಲ್ಲಿ ಸುತ್ತಿಕೊಳ್ಳುತ್ತಾ ಕೇಳಿದಳು. ಆಮೇಲೆ, "ಹಂಗಾದ್ರೆ ನೀವು ನನಗೆ ಏನಾಗಬೇಕು ಮೇಡಂ?" ಎಂದಳು.

ಅವಳ ಅಪ್ಪ ನನಗೆ ಅತ್ತೆಯ ಮಗ. ವರಸೆಯಲ್ಲಿ ಅವಳು ನನಗೆ ಮಗಳಾಗಬೇಕು. "ಚಿಕ್ಕಮ್ಮ" ಎಂದೆ.

"ಸರಿ ಮೇಡಂ" ಎಂದಳು.

ಆ ಶನಿವಾರ ಅವಳ ಜೊತೆ ಅವರೂರಿಗೆ ಹೋದೆ. ರಸ್ತೆ ಬದಿಯಲ್ಲೇ ಶೀಟಿನ ಮನೆ, ಪಕ್ಕದಲ್ಲಿ ತೆಂಗಿನ ನಾರಿನ ರಾಶಿ. ಹಗ್ಗದ ಕೆಲಸವನ್ನು ಈಗ ಮಗ ಮೆಷಿನ್ ಇಟ್ಟು ಮಾಡುತ್ತಾನೆ. ಹಗ್ಗ ಹೊಸೆಯುತ್ತಿದ್ದ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅತ್ತೆ ಅಂಗಳದಲ್ಲಿ ಕಾಲು ಚಾಚಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವರ ಮೂಗು, ಹುಬ್ಬು, ಕಿವಿಯ ಹಾಲೆ ಎಲ್ಲವೂ ನಮ್ಮ ಅಪ್ಪನದೇ. ನೋಡಿದ ಕೂಡಲೇ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು.

"ಅಜ್ಜಿ, ನಮ್ ಮೇಡಂ ಬಂದವ್ರೆ" ಎಂದಳು ಹುಡುಗಿ.

"ಬಾರವ್ವ ಕೂತ್ಕೋ. ಯಾವೂರು?"

"ದಬ್ಬೇಘಟ್ಟದ ಕಡೆ."

"ಯಾರ್ ಮನೆ?"

"ಬಾಗಿಲ ಮೇಲೆ ಗಿಣಿ ಇರೋ ಮನೆ."

ಬೀಜ ಬಿಡಿಸುತ್ತಿದ್ದ ಕೈ ನಿಂತಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನನ್ ತಮ್ಮನ ಮಗಳಾ?"

"ಹೂಂ ಅತ್ತೆ."

ಅವರು ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಮೊಮ್ಮಗಳಿಗೆ ಕಾಫಿ ಇಡಲು ಹೇಳಿ ಕಳಿಸಿದರು. ಆಮೇಲೆ ಕೇಳಿದರು, "ಬಾವಿ ಹೆಂಗೈತೆ?"

"ಮುಚ್ಚಿಸಿದ್ರಲ್ಲ ಅತ್ತೆ."

"ಯಾಕೆ? ಒಳ್ಳೆ ನೀರಿತ್ತಲ್ಲ."

"ನೀವು ಬಿದ್ದಿರಿ ಅಂತ" ಎಂದೆ.

ಅವರು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ಮೊಮ್ಮಗಳು ಓಡಿ ಬಂದು ಬೆನ್ನು ನೀವಿದಳು.

ಕಾಫಿ ಕುಡಿಯುತ್ತಾ ಅವರು ಹೇಳಿದ್ದು ಬಹಳ ಸರಳವಾದ ಕತೆ. ಕಡಲೆಕಾಯಿ ಕೀಳಲು ಹೆಂಗಸರ ಗುಂಪೊಂದು ಗಾಡಿಯಲ್ಲಿ ಹೋಗುತ್ತಿತ್ತು. ಅತ್ತೆ ಕೊಡವನ್ನು ದಡದಲ್ಲಿಟ್ಟು ಆ ಗಾಡಿ ಹತ್ತಿಕೊಂಡರು. ಯಾರೂ ಏನೂ ಕೇಳಲಿಲ್ಲ, ಇನ್ನೊಂದು ಆಳು ಸಿಕ್ಕಿತೆಂದು ಸಂತೋಷಪಟ್ಟರು. ಕಡಲೆಕಾಯಿ ಮುಗಿದ ಮೇಲೆ ನಾರು ಬಡಿಯುವ ಕೆಲಸ ಸಿಕ್ಕಿತು, ಅಲ್ಲೇ ಗಂಡನೂ ಸಿಕ್ಕಿದ.

"ತಿಥಿ ಮಾಡಿದ್ದು ನಿಮಗೆ ಗೊತ್ತಾಯ್ತಾ ಅತ್ತೆ?"

"ಸಂತೇಲಿ ಒಬ್ಬ ಹೇಳ್ದ. ಎರಡ್ ದಿನ ಅಳ್ತಾ ಕೂತಿದ್ದೆ. ಆಮ್ಯಾಲೆ ಸರಿಯಾಗಿ ನಿದ್ದೆ ಬಂತು ನೋಡು. ಇನ್ಯಾರೂ ಹುಡಿಕ್ಕಂಡ್ ಬರಲ್ಲ ಅಂತ ಗೊತ್ತಾಯ್ತಲ್ಲ."

ಆಗ ಮೊಮ್ಮಗಳು ಫೋನು ತೆಗೆದು, ಅಜ್ಜಿ ಈ ಕತೆ ಕೇಳು, ಇದರಿಂದಲೇ ಮೇಡಂ ಸಿಕ್ಕಿದ್ದು ಎಂದು ಪೂರ್ತಿ ಓದಿ ಹೇಳಿದಳು. ಅತ್ತೆ ಮೊದಮೊದಲು ಹುಣಸೆಹಣ್ಣು ಬಿಡಿಸುತ್ತಾ ಕೇಳಿದರು. ಬಾವಿ ಬಂದಾಗ ಕೈ ಬಿಟ್ಟರು. ಕೊಡ ಬಂದಾಗ ಮುಖದ ಬಣ್ಣವೇ ಬದಲಾಯಿತು. ನನ್ನ ಗುರುತು ಸಿಕ್ಕಾಗಲೂ ಹೆದರದಿದ್ದ ಹೆಂಗಸು ಈಗ ಹೆದರಿದ್ದರು.

"ಇದ್ ಬರ್ದೋರು ಯಾರು? ನನ್ ಇಚಾರ ಅವರಿಗೆ ಯಾರ್ ಹೇಳಿದ್ರು?"

"ನಿನ್ ವಿಚಾರ ಅಲ್ಲ ಅಜ್ಜಿ. ಅವರು ಬೇರೆ ಕಡೆಯೋರು, ನಿನ್ನ ನೋಡೇ ಇಲ್ಲ."

"ಸುಳ್ಳು ಬುಡು. ನೋಡ್ದೆ ಇದ್ರೆ ಕೊಡ ಇಟ್ಟಿದ್ದು ಹೆಂಗ್ ಗೊತ್ತಾಯ್ತು? ಪುಸ್ತಕದಲ್ಲಿ ಹಾಕವ್ರೆ ಅಂದ್ರೆ ಊರಿಗೆಲ್ಲ ಗೊತ್ತಾಗಿರ್ತದೆ."

ಬರೆದವರು ಮನಸ್ಸಿನಿಂದ ಕಟ್ಟಿ ಬರೆಯುತ್ತಾರೆ, ಎಲ್ಲೋ ಕೇಳಿದ್ದನ್ನು ಇನ್ನೆಲ್ಲೋ ಸೇರಿಸುತ್ತಾರೆ, ನೀವು ಪದ ಕಟ್ಟಿದಂತೆಯೇ ಎಂದು ನಾನು ಹೇಳಿದೆ. ತರಗತಿಯಲ್ಲಿ ಇದನ್ನೇ ದೊಡ್ಡ ದೊಡ್ಡ ಮಾತಿನಲ್ಲಿ ಹೇಳಿ ಅಭ್ಯಾಸವಿದ್ದರೂ ಅವರ ಮುಂದೆ ತಡವರಿಸಿದೆ. ಅವರು ಮತ್ತೆ ಹುಣಸೆಹಣ್ಣು ಕೈಗೆತ್ತಿಕೊಂಡರು.

"ಹಂಗಾರೆ ಇನ್ನೊಬ್ಳೂ ಇದ್ಲು ಅನ್ನು" ಎಂದರು ಕೊನೆಗೆ. "ಪಾಪ, ಅವ್ಳು ಎಲ್ಲಿಗೋದ್ಲೋ."

ಅಪ್ಪನಿಗೆ ಇದೆಲ್ಲವನ್ನೂ ಹೇಳಿದೆ, ಹೋಗಿ ಬರೋಣ ನಡಿ ಎಂದೆ. ಅವರು ಒಪ್ಪಲಿಲ್ಲ. ಕಾಯಿ ಕೆಡವಿಸಬೇಕು, ಮಂಡಿ ನೋವು, ಯಾವ ಮುಖ ಇಟ್ಕೊಂಡು ಹೋಗಲಿ ಎಂದು ದಿನಕ್ಕೊಂದು ಕಾರಣ. ನಾನು ಒತ್ತಾಯಿಸುವುದನ್ನು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅವರೇ ಫೋನು ಮಾಡಿ, "ತಿಪಟೂರ್ ಬಸ್ ಸ್ಟ್ಯಾಂಡಲ್ಲಿ ಅವ್ನಿ, ಬಾ" ಎಂದರು. ಒಗೆದ ಬಿಳಿ ಪಂಚೆ, ಶರಟು. ಕೈಯಲ್ಲಿ ಎಳನೀರಿನ ಗೊನೆ ಹಿಡಿದಿದ್ದರು. ತೆಂಗಿನ ನಾರಿನಲ್ಲೇ ಬದುಕುವವರ ಮನೆಗೆ ಎಳನೀರು ಯಾಕಪ್ಪ ಎಂದು ಕೇಳಬೇಕೆನಿಸಿದರೂ ಕೇಳಲಿಲ್ಲ.

ಅತ್ತೆ ಅಂಗಳದಲ್ಲೇ ಇದ್ದರು. ಅಪ್ಪ ಮುಂದೆ ಹೋಗಿ ನಿಂತರು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು.

"ಯಾರಪ್ಪ?"

"ನಾನು ಕಣಕ್ಕ. ನಿನ್ ತಮ್ಮ."

"ನನ್ ತಮ್ಮ ಚಿಕ್ಕೋನು" ಎಂದರು ಅತ್ತೆ. ತಮಾಷೆಗೆ ಹೇಳಿದ್ದಲ್ಲ. ನನ್ನಲ್ಲಿ ಅವರಿಗೆ ತವರಿನ ಮುಖ ಕಂಡಿತ್ತು, ಈ ನರೆತ ಗಂಡಸಿನಲ್ಲಿ ಅವರು ಬಿಟ್ಟು ಬಂದ ಹುಡುಗ ಕಾಣಲಿಲ್ಲ. ಅಪ್ಪ ಎಳನೀರನ್ನು ಕೆಳಗಿಟ್ಟು ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟರು. ಅತ್ತೆ ಎದ್ದು ಬಂದು ಅವರ ತಲೆಯ ಹಿಂಭಾಗವನ್ನು ಬೆರಳಿನಿಂದ ತಡಕಿ ನೋಡಿದರು. ಅಲ್ಲಿ ಹಳೆಯ ಗಾಯದ ಕಲೆಯೊಂದಿದೆಯಂತೆ, ನನಗೆ ಅದುವರೆಗೂ ಗೊತ್ತಿರಲಿಲ್ಲ. "ಅವ್ನೇ ಕಣೇ" ಎಂದು ಮೊಮ್ಮಗಳಿಗೆ ಹೇಳಿ, ಮುದ್ದೆ ಕಟ್ಟಲು ಒಳಗೆ ಹೋದರು.

ಊಟವಾದ ಮೇಲೆ ಅಕ್ಕ ತಮ್ಮ ನಾರಿನ ರಾಶಿಯ ನೆರಳಿನಲ್ಲಿ ಕುಳಿತು ಮಾತಾಡಿದರು. ನಾವು ಹತ್ತಿರ ಹೋಗಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ತಿಪಟೂರು ಹತ್ತಿರ ಬಂದಾಗ ಹೇಳಿದರು.

"ನಮ್ಮಪ್ಪ ಬಂದಿದ್ನಂತೆ."

"ಎಲ್ಲಿಗೆ?"

"ಅಲ್ಲಿಗೆ. ಅವ್ಳಿಗೆ ಮೊದಲ್ನೇ ಮಗ ಹುಟ್ಟಿದ್ ವರ್ಷ. ಹಗ್ಗ ತಗೊಳ್ಳೋನಂಗೆ ಬಂದು, ಅವ್ಳ ಗಂಡನತ್ರ ಬಾವಿ ಹಗ್ಗ ತಗೊಂಡು, ಮಗೂನ್ ನೋಡ್ಕೊಂಡು, ಅವ್ಳತ್ರ ಒಂದ್ ಮಾತೂ ಆಡ್ದೆ ಹೋದ್ನಂತೆ."

ತಿಥಿ ಮಾಡಿಸಿದ ಅಜ್ಜ. ನಮ್ಮ ಹುಡುಗಿ ಸತ್ತಳು ಎಂದು ವ್ಯಾಪಾರಿಗೆ ಹೇಳಿದ ಅಜ್ಜ.

"ನಂಗೆ ಗ್ಯಾಪ್ಕ ಐತೆ ಆ ಹಗ್ಗ" ಎಂದರು ಅಪ್ಪ. "ಬಾವಿ ಮುಚ್ಚಿದ್ ಮ್ಯಾಲೆ ಬಾವಿ ಹಗ್ಗ ಯಾಕ್ ತಂದ್ಯೋ ಅಂತ ಅವ್ವ ಬೈದಿದ್ಲು. ಅವ್ನು ಏನೂ ಹೇಳ್ಲಿಲ್ಲ."

ಅಪ್ಪ ಈಗ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗುತ್ತಾರೆ. ಅತ್ತೆ ಮಾತ್ರ ನಮ್ಮೂರಿಗೆ ಬರಲಿಲ್ಲ. ಕರೆದಾಗಲೆಲ್ಲ, ನೀವೇ ಬನ್ನಿ, ನಂಗೆ ಆ ದಾರಿ ಬ್ಯಾಡ ಎನ್ನುತ್ತಾರೆ.

ಹುಡುಗಿ ತನ್ನ ಕೊನೆಯ ವರ್ಷದ ಕಿರುಪ್ರಬಂಧಕ್ಕೆ ಅಜ್ಜಿಯ ಪದವನ್ನೂ ಆ ಕತೆಯನ್ನೂ ಒಟ್ಟಿಗಿಟ್ಟು ಬರೆದಳು. ಅಜ್ಜಿ ಒಪ್ಪಿದ್ದರು, ಹೆಸರು, ಊರು ಎರಡೂ ಬೇಡವೆಂಬ ಷರತ್ತಿನ ಮೇಲೆ. ಅದನ್ನೇ ನಾನೂ ಇಲ್ಲಿ ಪಾಲಿಸಿದ್ದೇನೆ. ನಾನು ಅವಳಿಗೆ ಮಾರ್ಗದರ್ಶಕಿಯಾಗಲಿಲ್ಲ, ಬೇರೆಯವರಿಗೆ ಬಿಟ್ಟುಕೊಟ್ಟೆ. ಆದರೆ ಮೌಖಿಕ ಪರೀಕ್ಷೆಯ ದಿನ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು, ಕನ್ನಡಕವನ್ನು ಹಣೆಗೇರಿಸಿ ಕೇಳಿದರು.

"ಇಲ್ಲಮ್ಮ, ಈ ಪದದಿಂದ ಕತೆಗಾರರು ತಗೊಂಡ್ರೋ, ಕತೆ ಕೇಳಿ ಇವರು ಪದ ಕಟ್ಟಿದ್ರೋ? ಎರಡಕ್ಕೂ ಸಂಬಂಧ ಏನು ಅಂತ ನೀನು ಎಲ್ಲೂ ಹೇಳಿಲ್ಲವಲ್ಲ."

"ಯಾರಿಂದ ಯಾರೂ ತಗೊಂಡಿಲ್ಲ ಸರ್" ಎಂದಳು ಹುಡುಗಿ. "ಒಂದು ಓದೋವಾಗ ಇನ್ನೊಂದು ಕೇಳ್ತಾ ಇದ್ದೆ. ಸೇರಿಸಿದ್ದು ನಾನೇ."

ಪರೀಕ್ಷಕರು ಕನ್ನಡಕವನ್ನು ಇಳಿಸಿಕೊಂಡು ಮತ್ತೊಂದು ಪುಟ ತಿರುವಿದರು.